ಕಾಯಿಲೆ ವಿಚಾರಿಸಲು ಹೊರಟ ಭಾವ

ನಮ್ಮ ಭಾವನಿಗೆ ಪರದೇಶದಲ್ಲಿ ಯಾವ ಆಘಾತವೂ ಆಗಲಿಲ್ಲ. ಆದದ್ದೆಲ್ಲ ಪರದೇಶಕ್ಕೆ.

ಭಾವ ಅಂದರೆ ನನ್ನ ಅಕ್ಕನ ಗಂಡ. ನಾನು ಕೆಲಸ ಮಾಡುವ ಹಾಸಿಗೆ ಕಾರ್ಖಾನೆಗೆ ಅಂಚು ಹೊಲಿಯುವವರು ಬೇಕಾಗಿದ್ದಾರೆಂದು ತಿಳಿದಾಗ ನಾನೇ ಮ್ಯಾನೇಜರಮ್ಮನ ಮುಂದೆ ನಿಂತು, ನಮ್ಮ ಭಾವನಂಥ ಹೊಲಿಗೆಗಾರ ಎಲ್ಲೂ ಸಿಗುವುದಿಲ್ಲ ಎಂದು ಹೇಳಿ ಕರೆಸಿಕೊಂಡಿದ್ದೆ. ಹೊಲಿಗೆಯ ವಿಷಯದಲ್ಲಿ ನಾನು ಹೇಳಿದ್ದು ಸತ್ಯ. ಮಿಕ್ಕ ವಿಷಯ ಆಕೆ ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಮೂರು ತಿಂಗಳು ಪರೀಕ್ಷೆಯ ಅವಧಿ, ಸರಿಹೋದರೆ ಕಾಯಂ, ಇಲ್ಲದಿದ್ದರೆ ಗಂಡ ಹೆಂಡತಿ ಇಬ್ಬರೂ ವಾಪಸ್, ಎಂದು ಕರಾರಾಗಿತ್ತು. ಭಾವ ಊರಿನಲ್ಲಿ ಬಾಡಿಗೆ ಮನೆ ಬಿಟ್ಟುಕೊಟ್ಟು, ಹೊಲಿಗೆ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ನೆಂಟರಿಷ್ಟರನ್ನೆಲ್ಲ ಕರೆದು "ಇನ್ನು ನಾವು ಅಲ್ಲಿಯವರೇ" ಎಂದು ಡಂಗುರ ಹೊಡೆದು ಬಂದಿದ್ದರು. ತಮ್ಮ ಆಗಲೇ ಅಂಗಡಿಯ ಬೋರ್ಡು ಬದಲಾಯಿಸಿದ್ದ. ವಾಪಸ್ ಹೋದರೆ ಭಾವ ಕಾಲಿಡಲು ಜಾಗವಿರಲಿಲ್ಲ, ತಲೆ ಎತ್ತಿ ತಿರುಗಲು ಮುಖವೂ ಇರಲಿಲ್ಲ.

ವಿಮಾನ ಹತ್ತುವ ಮೊದಲೇ ಅವರು ಪರದೇಶದ ರೀತಿನೀತಿಗಳಲ್ಲಿ ಪಂಡಿತರಾಗಿದ್ದರು. ಯಾರದೋ ಭಾಷಣ ಕೇಳಿ, ಇನ್ನೆಲ್ಲೋ ಓದಿ, ಅಕ್ಕನಿಗೆ ದಿನಾ ಪಾಠ ಮಾಡುತ್ತಿದ್ದರಂತೆ. ಸೀನಿದರೆ ಕ್ಷಮೆ ಕೇಳಬೇಕು. ತೇಗಬಾರದು. ವಯಸ್ಸು ಕೇಳಬಾರದು, ಸಂಬಳ ಕೇಳಬಾರದು, ಮಕ್ಕಳೆಷ್ಟು ಎಂದು ಕೇಳಬಾರದು.

"ಮತ್ತೆ ಮಾತಾಡೋದಾದರೂ ಏನನ್ನ?" ಎಂದು ಅಕ್ಕ ಕೇಳಿದ್ದಳು.

"ಹವೆ ಬಗ್ಗೆ ಮಾತಾಡ್ಬೇಕು."

"ಬೆಳಗ್ಗೆ ಅದನ್ನ ಮಾತಾಡಿ ಮುಗಿಸಿದ್ಮೇಲೆ, ಸಾಯಂಕಾಲ?"



ಬಂದ ಮೊದಲ ದಿನ ಕಾರ್ಖಾನೆಯವರು ಹೊಸಬರನ್ನೆಲ್ಲ ಒಂದು ಕೋಣೆಯಲ್ಲಿ ಕೂರಿಸಿ, ಹೊಸ ದೇಶಕ್ಕೆ ಹೊಂದಿಕೊಳ್ಳುವುದು ಹೇಗೆಂದು ತರಗತಿ ನಡೆಸಿದರು. ಭಾವನಿಗೆ ಭಾಷೆ ಅಷ್ಟಾಗಿ ಬಾರದ್ದರಿಂದ ದುಭಾಷಿಯಾಗಿ ಪಕ್ಕದಲ್ಲಿ ನಾನಿದ್ದೆ. ಅಲ್ಲಿಯವರು ಅವರ ಭಾಷೆಯಲ್ಲಿ ಆಡಿದ್ದನ್ನೆಲ್ಲ ನಾನಿಲ್ಲಿ ನಮ್ಮ ಮಾತಿಗೆ ಇಳಿಸಿಕೊಂಡೇ ಹೇಳುತ್ತಿದ್ದೇನೆ. ಪಾಠ ಹೇಳುವಾಕೆ ಬೋರ್ಡಿನ ಮೇಲೆ ಏರಿಳಿಯುವ ಗೆರೆ ಎಳೆದು, "ಮೊದಲು ಎಲ್ಲ ಚೆಂದ ಕಾಣುತ್ತೆ. ಆಮೇಲೆ ಸಿಟ್ಟು ಬರುತ್ತೆ. ಆಮೇಲೆ ಅಳು. ಕೊನೆಗೆ ಹೊಂದಾಣಿಕೆ" ಎಂದು ವಿವರಿಸಿದಳು. ಭಾವ ಕೈ ಎತ್ತಿದರು.

"ಅಳು ಸುಮಾರು ಯಾವ ವಾರ ಬರುತ್ತೆ ಅಂತ ಕೇಳು. ಮನೇಲಿ ಹೇಳಿಟ್ಟಿರ್ಬೇಕು."

ನಾನು ಕೇಳಲಿಲ್ಲ. ಪಾಠದ ಕೊನೆಗೆ ಆಕೆ, ಎಲ್ಲ ಕಾರ್ಖಾನೆಗಳಲ್ಲೂ ಎಲ್ಲರೂ ಹೇಳುವ ಮಾತನ್ನೇ ನಗುನಗುತ್ತ ಹೇಳಿದಳು: "ಇಲ್ಲಿ ನಾವೆಲ್ಲ ಒಂದೇ ಕುಟುಂಬ." ನಾನು ಈ ಮಾತನ್ನು ಎಷ್ಟೋ ಸಲ ಕೇಳಿ ಆಕಳಿಸಿದ್ದೇನೆ. ಆ ದಿನವೂ ಆಕಳಿಸುತ್ತಲೇ ಭಾವನಿಗೆ ಕನ್ನಡದಲ್ಲಿ ಹೇಳಿದೆ. ಭಾವ ನೆಟ್ಟಗೆ ಕೂತರು. ಅಷ್ಟೂ ಹೊತ್ತಿನಲ್ಲಿ ಅವರಿಗೆ ಪೂರ್ತಿ ಅರ್ಥವಾದ ಮಾತು ಅದೊಂದೇ.

ಎರಡನೇ ವಾರ ನಮ್ಮ ಮೇಸ್ತ್ರಿ ಕೆಲಸಕ್ಕೆ ಬರಲಿಲ್ಲ. ಈ ಮೇಸ್ತ್ರಿ ಹೊಲಿಗೆ ವಿಭಾಗದ ಮುಖ್ಯಸ್ಥ, ಬಾಗಿಲಿನಷ್ಟೇ ಅಗಲದ ಆಸಾಮಿ. ಭಾವನಿಗೆ ಸೂಜಿ ಕಚ್ಚುವ ಹಳೇ ಯಂತ್ರ ಕೊಟ್ಟು, ದಿನಾ ಅದು ನಿಂತಾಗಲೆಲ್ಲ ಭಾವನನ್ನೇ ಗದರುತ್ತಿದ್ದ. "ಜ್ವರವಂತೆ" ಎಂದು ಯಾರೋ ಹೇಳಿದರು. ಉಳಿದವರೆಲ್ಲ ತಲೆಯಾಡಿಸಿ ತಮ್ಮ ತಮ್ಮ ಕೆಲಸಕ್ಕೆ ಹೋದರು. ಭಾವ ಮಾತ್ರ ಸಂಜೆಯವರೆಗೂ ಚಡಪಡಿಸಿದರು.

"ಒಬ್ಬರಾದ್ರೂ ನೋಡ್ಕೊಂಡು ಬರೋಣ ಅನ್ನಲಿಲ್ಲವಲ್ಲೋ. ಒಂದೇ ಕುಟುಂಬ ಅಂತೆ."

"ಭಾವ, ಇಲ್ಲಿ ಹಾಗೆಲ್ಲ ಹೇಳದೆ ಕೇಳದೆ ಯಾರ ಮನೆಗೂ ಹೋಗೋ ಹಾಗಿಲ್ಲ."

"ಹೇಳಿ ಕೇಳಿ ಹೋಗೋಕೆ ಅವನೇನು ಮದುವೆ ಮಾಡ್ತಿದಾನಾ? ಜ್ವರ ಬಂದು ಬಿದ್ದಿದಾನೆ."

ಅಕ್ಕ ಆಗಲೇ ಗಂಜಿ ಕಾಯಿಸಿ ಫ್ಲಾಸ್ಕಿಗೆ ತುಂಬಿದ್ದಳು. ಮೇಸ್ತ್ರಿಯ ಮನೆ ಹುಡುಕುವುದೇನೂ ಕಷ್ಟವಾಗಲಿಲ್ಲ. ಕಾರ್ಖಾನೆಯ ವ್ಯಾನಿನಲ್ಲಿ ಮುಂದಿನ ಸೀಟು ಹಿಡಿದು, ಇಳಿದವರೆಲ್ಲ ಬಾಗಿಲು ತೆಗೆದು ಒಳಗೆ ಹೋಗುವವರೆಗೂ ಕಣ್ಣಲ್ಲೇ ಕಳಿಸಿಕೊಡುವುದು ಭಾವನ ಅಭ್ಯಾಸ. ಹಾಗಾಗಿ ಯಾರ ಮನೆ ಎಲ್ಲಿ, ಯಾರ ಬಾಗಿಲಿಗೆ ಯಾವ ಬಣ್ಣ, ಎಲ್ಲ ಅವರಿಗೆ ಬಾಯಿಪಾಠವಾಗಿತ್ತು. ದಾರಿಯಲ್ಲಿ ಕಿತ್ತಳೆ ಹಣ್ಣು ಕೊಂಡರು. ಬರಿಗೈಲಿ ರೋಗಿಯ ಮನೆಗೆ ಹೋಗಲಾಗುತ್ತದೆಯೇ?

ಮೇಸ್ತ್ರಿ ಏಣಿಯ ಮೇಲಿದ್ದ.

ಮನೆಯ ಮುಂದಿನ ಗೋಡೆಗೆ ಏಣಿ ಒರಗಿಸಿ, ತಲೆಗೆ ಕಾಗದದ ಟೋಪಿ ಹಾಕಿ, ಸಿಳ್ಳೆ ಹೊಡೆಯುತ್ತ ಕಿಟಕಿಗೆ ಹಸಿರು ಬಣ್ಣ ಬಳಿಯುತ್ತಿದ್ದ. ನಮ್ಮನ್ನು ಕಂಡದ್ದೇ ಸಿಳ್ಳೆ ಅರ್ಧಕ್ಕೆ ನಿಂತಿತು. ನಾನು ನೆಲ ಬಾಯಿ ಬಿಡಬಾರದೇ ಎಂದುಕೊಂಡೆ. ಭಾವ ಮಾತ್ರ ಚೀಲ ನನ್ನ ಕೈಗೆ ತುರುಕಿ ಓಡಿಹೋಗಿ ಏಣಿ ಹಿಡಿದುಕೊಂಡರು.

"ಜ್ವರ ನೆತ್ತಿಗೇರಿದೆ ಕಣೋ. ಮೆಲ್ಲಗೆ ಇಳೀರಿ ಸಾರ್, ನಾವಿದ್ದೀವಿ. ನಮ್ಮ ದೊಡ್ಡಪ್ಪಾನೂ ಹೀಗೇ ಜ್ವರದಲ್ಲಿ ಮಾಳಿಗೆ ಹತ್ತಿದ್ರು."

ಇಳಿದವನನ್ನು ಭಾವ ತೋಳು ಹಿಡಿದು ಒಳಗೆ ನಡೆಸಿ, ಮಂಚದ ಮೇಲೆ ಮಲಗಿಸಿ, ಕೈಗೆ ಸಿಕ್ಕ ಕಂಬಳಿಗಳನ್ನೆಲ್ಲ ಹೊದಿಸಿದರು. ಮೂಗಿನ ತುದಿಯಲ್ಲಿ ಹಸಿರು ಬಣ್ಣವಿಟ್ಟುಕೊಂಡು ಅಷ್ಟು ದೊಡ್ಡ ಆಳು ಹೇಳಿದಂತೆ ಮಲಗಿದ. ಅಕ್ಕ ಚಮಚದಲ್ಲಿ ಗಂಜಿ ಕುಡಿಸಿದಳು. ಭಾವ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು, ರೋಗಿಗಳನ್ನು ನೋಡಲು ಹೋದ ನಮ್ಮವರೆಲ್ಲ ಮಾಡುವಂತೆ, ಇದೇ ಜ್ವರದಲ್ಲಿ ತೀರಿಕೊಂಡವರ ಸಂಗತಿ ಶುರುಮಾಡಿದರು. ದೊಡ್ಡಪ್ಪನಿಗೆ ಹೀಗೇ ಆಯಿತು, ಮೊದಲ ದಿನ ಚೆನ್ನಾಗಿಯೇ ಇದ್ದರು, ನಗ್ತಾ ಮಾತಾಡಿದರು, ಎರಡನೇ ದಿನ ಕಾಲು ತಣ್ಣಗಾಯಿತು. ನಾನು ಅನುವಾದಿಸುತ್ತ ಹೋದಂತೆ ಮೇಸ್ತ್ರಿ ಕಂಬಳಿಯೊಳಗೆ ಒಂದು ಕಾಲಿನಿಂದ ಇನ್ನೊಂದು ಕಾಲನ್ನು ಮುಟ್ಟಿ ನೋಡಿಕೊಂಡ. ಕಂಬಳಿಯ ಸೆಖೆಗೋ ಹೆದರಿಕೆಗೋ ಅವನಿಗೆ ಧಾರಾಕಾರ ಬೆವರು ಕಿತ್ತುಕೊಂಡಿತು.

"ನೋಡು, ಬೆವರು ಬಂತು. ಇನ್ನು ಜ್ವರ ಬಿಡುತ್ತೆ" ಎಂದು ಭಾವ ಸಮಾಧಾನದಿಂದ ಎದ್ದರು.

ಮರುದಿನ ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದ ಮೇಸ್ತ್ರಿ, ಭಾವನಿಗೆ ಸಾಲಿನಲ್ಲೇ ಅತ್ಯುತ್ತಮವಾದ ಹೊಸ ಯಂತ್ರ ಕೊಟ್ಟ. ಕೂರಲು ಮೆತ್ತನೆಯ ದಿಂಬನ್ನೂ ಇಟ್ಟ. ಆಮೇಲೆ ನನ್ನನ್ನು ಸ್ಪ್ರಿಂಗುಗಳ ಗುಡ್ಡೆಯ ಹಿಂದಕ್ಕೆ ಎಳೆದೊಯ್ದು ಪಿಸುಗುಟ್ಟಿದ.

"ನಿಜ ಹೇಳು. ನಿಮ್ಮ ಭಾವನ್ನ ಕಳಿಸಿದ್ದು ಮ್ಯಾನೇಜರಮ್ಮ ತಾನೆ?"

"ಯಾರೂ ಕಳಿಸಿಲ್ಲ ಸಾರ್. ನಮ್ಮ ಕಡೆ ಹಾಗೇ. ಕಾಯಿಲೆ ಬಿದ್ದವರನ್ನ ನೋಡೋಕೆ ಹೋಗ್ತೀವಿ."

"ಸುಮ್ಮಸುಮ್ಮನೆ? ಹೆಂಡತಿ ಕರ್ಕೊಂಡು? ಬಸ್ಸಲ್ಲಿ?" ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ನೀನೂ ಅವರ ಕಡೆಯವನೇ."

ಇತ್ತ ಭಾವ ದಿಂಬಿನ ಮೇಲೆ ಕೂತು, "ನೋಡಿದ್ಯಾ, ಎಂಥಾ ಉಪಕಾರಸ್ಮರಣೆ. ಈ ಜನರನ್ನ ನಾವು ಸುಮ್ಮನೆ ತಪ್ಪು ತಿಳಿದಿದ್ವಿ" ಎಂದರು.

ಅಂದು ಮಧ್ಯಾಹ್ನದ ಊಟದ ಹೊತ್ತಿಗೆ ಸುದ್ದಿ ಕಾರ್ಖಾನೆ ತುಂಬಾ ಹರಡಿತು. ಹೊಸದಾಗಿ ಬಂದಿರುವ ಅಂಚು ಹೊಲಿಯುವವನು ಬರೀ ಹೊಲಿಗೆಗಾರನಲ್ಲ, ಮೇಲಿನವರು ಬಿಟ್ಟ ಗೂಢಚಾರ, ಹೆಂಡತಿಯೂ ಅದೇ ಇಲಾಖೆಯವಳು, ಫ್ಲಾಸ್ಕಿನಲ್ಲಿರುವುದು ನಿಜ ಬಾಯಿಬಿಡಿಸುವ ಔಷಧಿ.

ಇದನ್ನು ನಂಬದ ಒಬ್ಬಳಿದ್ದಳು. ಹಾಸಿಗೆಗಳಿಗೆ ಪ್ಲಾಸ್ಟಿಕ್ ಸುತ್ತುವ ಪ್ಯಾಕಿಂಗ್ ಹೆಂಗಸು, ಗಟ್ಟಿಗಿತ್ತಿ. ಸೊಂಟ ಉಳುಕಿದೆ ಎಂದು ರಜೆ ಹಾಕಿದಳು. ಸಂಜೆ ನಾವು ಹೋದಾಗ ಅವಳು ಮನೆ ಬದಲಾಯಿಸುತ್ತಿದ್ದಳು. ಬಟ್ಟೆಯ ಬೀರುವೊಂದನ್ನು ಒಬ್ಬಳೇ ಬೆನ್ನಿನ ಮೇಲೆ ಹೊತ್ತು ಮೂರನೇ ಮಹಡಿಯಿಂದ ಇಳಿದು ಬರುತ್ತಿದ್ದವಳು, ಮೆಟ್ಟಿಲ ತಿರುವಿನಲ್ಲಿ ಕಿತ್ತಳೆ ಹಣ್ಣು ಹಿಡಿದ ಭಾವನಿಗೆ ಎದುರಾದಳು. ಭಾವನ ಕಣ್ಣಲ್ಲಿ ನೀರೇ ಬಂತು.

"ಅಯ್ಯೋ ತಂಗಿ, ಇಂಥಾ ಸೊಂಟ ಇಟ್ಕೊಂಡು ಬೀರು ಹೊರ್ತಿದೀಯಲ್ಲಮ್ಮ. ನಿನಗೆ ಹಿಂದೆ ಮುಂದೆ ಯಾರೂ ಇಲ್ವಾ?"

ಬೀರುವನ್ನು ಭಾವನೂ ನಾನೂ ಹೊತ್ತೆವು. ಆಮೇಲೆ ಮಂಚ, ಒಲೆ, ಬಟ್ಟೆ ಒಗೆಯುವ ಯಂತ್ರ. ಆ ಹೆಂಗಸನ್ನು ಅಕ್ಕ ಕೆಳಗೆ ಒಂದು ಕುರ್ಚಿಯಲ್ಲಿ ಕೂರಿಸಿ ಸೊಂಟಕ್ಕೆ ಬಿಸಿನೀರಿನ ಶಾಖ ಕೊಡುತ್ತಿದ್ದಳು. ಅಲುಗಾಡಿದರೆ ಅಕ್ಕನ ಗದರಿಕೆ. ಸೊಂಟ ಉಳುಕದೆ ಇದ್ದದ್ದು ಅವಳದ್ದೊಂದೇ. ನನ್ನದು ವಾರವಿಡೀ ನೆಟ್ಟಗಾಗಲಿಲ್ಲ, ಆದರೆ ರಜೆ ಹಾಕಲು ಧೈರ್ಯ ಸಾಲಲಿಲ್ಲ.

ಅದೇ ವಾರ ಹಲ್ಲುನೋವೆಂದು ರಜೆ ಹಾಕಿದ ವ್ಯಾನಿನ ಡ್ರೈವರನನ್ನೂ, ಇನ್ನೂ ಕೆಲವರನ್ನೂ ಹೀಗೇ ನೋಡಲು ಹೋಗಿಬಂದೆವು. ಅಲ್ಲಿಗೆ ಕಾರ್ಖಾನೆಯಲ್ಲಿ ಕಾಯಿಲೆಯೆಂಬುದೇ ನಿಂತುಹೋಯಿತು. ನಿಜವಾಗಿ ನೆಗಡಿಯಾದವರೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಂದು ಕೆಲಸ ಮಾಡಿದರು. ಭಾವ ದಾರಿಯಲ್ಲಿ ಸಿಕ್ಕವರನ್ನು "ಹುಷಾರಾಗಿದೀರಾ?" ಎಂದು ಅಕ್ಕರೆಯಿಂದ ವಿಚಾರಿಸಿದರೆ ಸಾಕು, ಅವರು ಎದೆ ಸೆಟೆಸಿ, ಕೈಕಾಲು ಮಡಚಿ ಬಿಚ್ಚಿ ತೋರಿಸುತ್ತಿದ್ದರು. ಕೆಮ್ಮು ಬಂದವರು ಶೌಚಾಲಯಕ್ಕೆ ಓಡಿಹೋಗಿ ನಲ್ಲಿ ಬಿಟ್ಟುಕೊಂಡು ಕೆಮ್ಮಿ ಬರುತ್ತಿದ್ದರು. "ಇಲ್ಲಿನ ಗಾಳಿ ಎಷ್ಟು ಒಳ್ಳೇದು ನೋಡು" ಎಂದು ಭಾವ ಮೂಗರಳಿಸಿ ಉಸಿರೆಳೆದುಕೊಳ್ಳುತ್ತಿದ್ದರು.

ಭಾವನ ಅವಧಿ ಮುಗಿಯಲು ಒಂದು ವಾರ ಉಳಿದಿರುವಾಗ ಮ್ಯಾನೇಜರಮ್ಮ ನಮ್ಮನ್ನು ಕರೆಸಿದಳು. ಆಕೆ ನಗುವುದನ್ನು ಕಂಡವರು ಕಾರ್ಖಾನೆಯಲ್ಲಿ ಯಾರೂ ಇರಲಿಲ್ಲ. ಮೇಜಿನ ಮೇಲಿನ ಪೆನ್ನುಗಳು ಕೂಡ ಸಾಲಾಗಿ ಸೆಟೆದು ಮಲಗಿದ್ದವು.

"ಎರಡು ತಿಂಗಳಿಂದ ಒಬ್ಬರೂ ಕಾಯಿಲೆ ರಜೆ ಹಾಕಿಲ್ಲ. ಯಾಕೆ ಅಂತ ವಿಚಾರಿಸಿದೆ. ನಿಮ್ಮ ಭಾವ ಎಲ್ಲರ ಮನೆಗೂ ಹೋಗಿ ನೋಡಿದಾರಂತೆ" ಎಂದಳು ನನಗೆ. "ಇಂಥವರು ನಮಗೆ ಬೇಕು. ಇವರನ್ನ ಇವತ್ತೇ ಕಾಯಂ ಮಾಡ್ತೀನಿ. ಒಂದು ವಿಷಯ ಮಾತ್ರ ಹೇಳಲಿ. ಇವರು ನೋಡೋಕೆ ಹೋದವರಲ್ಲಿ ಯಾರಿಗೆ ನಿಜವಾಗಿ ಕಾಯಿಲೆ ಇತ್ತು, ಯಾರಿಗೆ ಇರಲಿಲ್ಲ?"

ಒಂದು ಮಾತು ಹೇಳಿದರೆ ಭಾವ ಕಾಯಂ, ಮೇಸ್ತ್ರಿ ಬೀದಿಪಾಲು. ನಾನು ಇದ್ದದ್ದನ್ನು ಇದ್ದಂತೆ ಕನ್ನಡದಲ್ಲಿ ಹೇಳಿದೆ. ಭಾವ ಮ್ಯಾನೇಜರಮ್ಮನನ್ನು ನೋಡಿದ ರೀತಿ ಹೇಗಿತ್ತೆಂದರೆ, ಮರ್ಯಾದಸ್ಥರ ಮನೆಯ ಹೆಂಗಸು ಇದ್ದಕ್ಕಿದ್ದಂತೆ ಬಾಯಿಗೆ ಬಂದದ್ದು ಬೈದುಬಿಟ್ಟಿದ್ದಾಳೇನೋ ಅನ್ನುವಂತಿತ್ತು.

"ಇದೆಂಥಾ ಮಾತು? ಮಲಗಿದವರನ್ನ ಮಾತಾಡಿಸೋಕೆ ಹೋಗೋದು. ಕಾಯಿಲೆ ಇದೆಯೋ ಇಲ್ಲವೋ ಅಂತ ತಪಾಸಣೆ ಮಾಡೋಕೆ ಹೋಗ್ತಾರಾ ಯಾರಾದ್ರೂ? ಮನೆಯವರು ಹುಷಾರಿಲ್ಲ ಅಂದ್ರೆ ಹುಷಾರಿಲ್ಲ, ಅಷ್ಟೆ. ಕುಟುಂಬದ ಹಿರಿಯರು ಈಕೆ. ಇವರೇ ಹೀಗೆ ಕೇಳಿದ್ರೆ ಹೇಗೆ, ಕೇಳು ಅವರನ್ನ."

ಕುಟುಂಬದ ಮಾತನ್ನು ನಾನು ಆದಷ್ಟು ಮೆತ್ತಗೆ ಮಾಡಿ ಹೇಳಿದೆ. ಎಷ್ಟು ಮೆತ್ತಗೆ ಮಾಡಿದರೂ ಅದು ಇಲ್ಲವೆಂಬ ಉತ್ತರವೇ ಆಗಿತ್ತು. ಆಕೆ ಒಂದು ಪೆನ್ನನ್ನು ಸರಿಪಡಿಸಿ, "ಸರಿ. ಶುಕ್ರವಾರ ಅವಧಿ ಮುಗಿಯುತ್ತೆ. ಆವತ್ತು ನಿರ್ಧಾರ ತಿಳಿಸ್ತೀನಿ" ಎಂದಳು. ಆ ದನಿಯಲ್ಲಿ ನಿರ್ಧಾರ ಆಗಲೇ ಆಗಿತ್ತು.

ಮನೆಗೆ ಬಂದು ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಅಕ್ಕ ಪಾತ್ರೆಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕತೊಡಗಿದಳು. ಊರಿನಿಂದ ಭಾವನ ತಮ್ಮ ಫೋನು ಮಾಡಿ, ಅಂಗಡಿಗೆ ಹೊಸ ಗಾಜಿನ ಬಾಗಿಲು ಹಾಕಿಸಿದೆ ಅಣ್ಣಾ ಎಂದ. ಭಾವ ಬಹಳ ಹೊತ್ತು ಫೋನು ಹಿಡಿದು, "ಒಳ್ಳೇದಾಯ್ತು ಕಣೋ, ಒಳ್ಳೇದಾಯ್ತು" ಎನ್ನುತ್ತಲೇ ಇದ್ದರು.

ಗುರುವಾರ ಮ್ಯಾನೇಜರಮ್ಮ ಬರಲಿಲ್ಲ. ಆಕೆಗೆ ಜ್ವರವೆಂದು ಸುದ್ದಿ ಬಂತು. ಭಾವ ಯಂತ್ರ ನಿಲ್ಲಿಸಿ ನನ್ನ ಮುಖ ನೋಡಿದರು. ಆ ನೋಟ ನನಗೆ ಗೊತ್ತು.

"ಬೇಡ ಭಾವ, ಕಾಲಿಗೆ ಬೀಳ್ತೀನಿ. ನಾಳೆ ನಿರ್ಧಾರ. ಇವತ್ತು ಹಣ್ಣು ಹಿಡ್ಕೊಂಡು ಹೋದ್ರೆ ಕೆಲಸಕ್ಕೋಸ್ಕರ ಹಲ್ಲು ಗಿಂಜೋಕೆ ಬಂದ ಅಂದ್ಕೊಳ್ತಾರೆ."

"ಅಂದ್ಕೊಳ್ಳಲಿ. ಹೋಗದೆ ಇದ್ರೆ, ಕೆಲಸ ಕೊಡಲ್ಲ ಅಂದಿದ್ದಕ್ಕೆ ಮುಖ ತಿರುಗಿಸಿಕೊಂಡ ಅಂದ್ಕೊಳ್ಳಲ್ವಾ?"

ಸಂಜೆ ಅಕ್ಕ ಕಟ್ಟಿಟ್ಟ ಪೆಟ್ಟಿಗೆ ಬಿಚ್ಚಿ ಗಂಜಿಯ ಪಾತ್ರೆ ಹೊರತೆಗೆದಳು.

ಮ್ಯಾನೇಜರಮ್ಮನ ಮನೆ ಎತ್ತರದ ಕಟ್ಟಡವೊಂದರ ಏಳನೇ ಮಹಡಿಯಲ್ಲಿತ್ತು. ಬಾಗಿಲು ಬೆರಳಿನಷ್ಟು ತೆರೆಯಿತು. ಸಂದಿಯಲ್ಲಿ ಕೆಂಪಗಾದ ಒಂದು ಕಣ್ಣು ಕಂಡಿತು.

"ನನಗೇನೂ ಆಗಿಲ್ಲ. ಯಾರು ಕಳಿಸಿದ್ದು ನಿಮ್ಮನ್ನ?"

ಮೇಸ್ತ್ರಿ ಕೇಳಿದ ಪ್ರಶ್ನೆಯನ್ನೇ ಆಕೆಯೂ ಕೇಳಿದ್ದನ್ನು ನೋಡಿ ನನಗೆ ನಗು ಬಂತು. ಅಷ್ಟರಲ್ಲಿ ಆಕೆ ಜೋಲಿ ಹೊಡೆದಳು. ಅಕ್ಕ ಭುಜದಿಂದ ಬಾಗಿಲು ನೂಕಿ ಒಳಗೆ ಹೋಗಿ ಹಿಡಿದುಕೊಂಡಳು. ಹಣೆ ಮುಟ್ಟಿ, "ಕಾದ ಹೆಂಚಾಗಿದೆ" ಎಂದಳು. ಇಷ್ಟು ದಿನ ನಾವು ನೋಡಲು ಹೋದವರಲ್ಲಿ ನಿಜವಾದ ಜ್ವರ ಇದೇ ಮೊದಲು.

ಮನೆ ಕನ್ನಡಿಯಂತಿತ್ತು. ಊಟದ ಮೇಜಿಗೆ ಇದ್ದದ್ದು ಒಂದೇ ಕುರ್ಚಿ. ಅದನ್ನು ಭಾವ ಮಂಚದ ಪಕ್ಕ ಎಳೆದುಕೊಂಡರು, ನಾನು ನೆಲದಲ್ಲಿ ಕೂತೆ. ಅಕ್ಕ ಒದ್ದೆ ಬಟ್ಟೆ ಹಣೆಗೆ ಹಾಕಿ ಗಂಜಿ ಕುಡಿಸಿದಳು. ಭಾವ ದೊಡ್ಡಪ್ಪನ ಕಾಲು ತಣ್ಣಗಾದ ಭಾಗಕ್ಕೆ ಬರುವ ಹೊತ್ತಿಗೆ ಕರೆಗಂಟೆ ಸದ್ದಾಯಿತು.

ಬಾಗಿಲಲ್ಲಿ ಮೇಸ್ತ್ರಿ ನಿಂತಿದ್ದ. ಕೈಯಲ್ಲಿ ಕಿತ್ತಳೆ ಹಣ್ಣಿನ ಚೀಲ, ಮುಖದಲ್ಲಿ ನೆತ್ತರಿಲ್ಲ. ಭಾವ ಮ್ಯಾನೇಜರಮ್ಮನ ಮನೆಗೇ ಹೋಗಿದ್ದಾರೆಂದು ಕೇಳಿ, ನಾಳೆ ಕೆಲಸ ಹೋಗುವ ಮನುಷ್ಯ ಇಂದು ಎಲ್ಲ ಬಾಯಿಬಿಟ್ಟಿರುತ್ತಾನೆಂದು ಲೆಕ್ಕ ಹಾಕಿ ಓಡಿಬಂದಿದ್ದ. ಒಳಗೆ ಕಾಲಿಟ್ಟವನೇ ಮಂಚದ ಮುಂದೆ ಟೋಪಿ ತೆಗೆದು ನಿಂತ.

"ಅವರು ಹೇಳಿದ್ದೆಲ್ಲ ನಿಜ ಮೇಡಂ. ಆದರೆ ಎರಡೇ ಕಿಟಕಿ. ಬಾಗಿಲಿಗೆ ಬಳಿದದ್ದು ಭಾನುವಾರ."

ಮ್ಯಾನೇಜರಮ್ಮ ಹಣೆಯ ಬಟ್ಟೆ ಎತ್ತಿ ನೋಡಿದಳು. "ಯಾವ ಕಿಟಕಿ?"

ಮತ್ತೆ ಗಂಟೆ ಸದ್ದಾಯಿತು. ಈ ಸಲ ಪ್ಯಾಕಿಂಗ್ ಹೆಂಗಸು, ಅವಳ ಕೈಯಲ್ಲೂ ಕಿತ್ತಳೆ. "ಬೀರು ಖಾಲಿ ಇತ್ತು ಮೇಡಂ. ಖಾಲಿ ಬೀರುಗೆ ಸೊಂಟ ಬೇಕಾಗಲ್ಲ. ಬೇಕಾದ್ರೆ ಇವರನ್ನೇ ಕೇಳಿ, ಅರ್ಧ ಮನೆ ಹೊತ್ತದ್ದು ಇವರೇ." ಅವಳ ಹಿಂದೆ ವ್ಯಾನಿನ ಡ್ರೈವರು. ಅವನು ಹಲ್ಲುನೋವಿನ ದಿನ ಮೀನು ಹಿಡಿಯಲು ಹೋದದ್ದನ್ನು ಒಪ್ಪಿಕೊಂಡು, ಸಿಕ್ಕಿದ್ದು ಎಷ್ಟು ಚಿಕ್ಕ ಮೀನೆಂದು ಬೆರಳಲ್ಲಿ ತೋರಿಸಿದ. ಅವನ ಹಿಂದೆ ಮತ್ತಿಬ್ಬರು, ಮೆಟ್ಟಿಲಲ್ಲಿ ಇನ್ನೂ ಯಾರೋ ಏದುಸಿರು ಬಿಡುವ ಸದ್ದು. ಆ ಮನೆಯಲ್ಲಿ ನಿಲ್ಲಲು ಜಾಗವಿಲ್ಲದಂತಾಗಿ, ತಪ್ಪೊಪ್ಪಿಗೆ ಮುಗಿಸಿದವರು ಅಡುಗೆಮನೆಗೆ ಸರಿದು ಮುಂದಿನವರಿಗೆ ದಾರಿ ಮಾಡಿಕೊಟ್ಟರು. ಎಲ್ಲರೂ ತಂದ ಹಣ್ಣು ಮೇಜು ತುಂಬಿ ನೆಲಕ್ಕುರುಳಿತು.

ಭಾವ ನನ್ನ ತೋಳು ತಿವಿದರು. "ಏನಂತೆ?"

"ಮಾಡಿದ್ದನ್ನೆಲ್ಲ ಹೇಳ್ಕೊಳ್ತಿದಾರೆ."

"ಪಾಪ, ನಮ್ಮನ್ನ ನೋಡಿ ಬಂದಿದಾರೆ, ರೂಢಿ ಇಲ್ಲ ನೋಡು. ರೋಗಿ ಮುಂದೆ ಏನು ಮಾತಾಡಬೇಕು ಅಂತಾನೇ ಗೊತ್ತಾಗ್ತಿಲ್ಲ" ಎಂದು ಭಾವ ಮರುಗಿದರು.

ಮ್ಯಾನೇಜರಮ್ಮ ದಿಂಬಿಗೆ ಒರಗಿ ಕೂತು ಭಾವನನ್ನೇ ದಿಟ್ಟಿಸಿದಳು. "ಇವರು ಒಂದು ಮಾತೂ ಹೇಳಿರಲಿಲ್ಲ" ಎಂದಳು, ಉಳಿದವರ ಕಡೆ ತಿರುಗಿ. "ಇವರ ದೊಡ್ಡಪ್ಪನ ಕಾಲಿನ ವಿಷಯ ಬಿಟ್ಟು ಬೇರೇನೂ ಹೇಳಿಲ್ಲ."

ಮೇಸ್ತ್ರಿ ಟೋಪಿಯನ್ನು ಹಾಕಿಕೊಳ್ಳಲೋ ಬೇಡವೋ ಎಂದು ತಿಳಿಯದೆ ಹಿಂಡತೊಡಗಿದ. ಪ್ಯಾಕಿಂಗ್ ಹೆಂಗಸು ಇಂಗು ತಿಂದ ಮಂಗನ ಹಾಗೆ ನಿಂತಳು. ಆಗ ಮ್ಯಾನೇಜರಮ್ಮನ ಗಂಟಲಿನಿಂದ ಒಂದು ಸದ್ದು ಹೊರಟಿತು. ಕೆಮ್ಮಿರಬೇಕೆಂದು ಅಕ್ಕ ಬೆನ್ನು ನೀವಲು ಹೋದಳು. ಅದು ಕೆಮ್ಮಲ್ಲ. ಆಕೆ ನಗುತ್ತಿದ್ದಳು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆಮೇಲೂ ನೀರು ಬರುತ್ತಲೇ ಇತ್ತು, ನಗು ನಿಂತಿತ್ತು. ಎಲ್ಲರೂ ಗೋಡೆ, ಕಿಟಕಿ, ಕಿತ್ತಳೆ ಹಣ್ಣು ನೋಡಿದರು. ಭಾವ ಒಬ್ಬರೇ ಆಕೆಯ ಕಡೆ ನೋಡಿ, ಒಂದು ಹಣ್ಣು ಸುಲಿದು ತೊಳೆ ಬಿಡಿಸಿ ಕೈಗೆ ಕೊಟ್ಟರು.

"ಜ್ವರದಲ್ಲಿ ಕೇಳಿದ್ದು ನನಗೆ ನೆನಪಿರಲ್ಲ. ಎಲ್ಲ ಮನೆಗೆ ಹೋಗಿ" ಎಂದಳು ಆಕೆ, ತೊಳೆ ಬಾಯಿಗಿಟ್ಟುಕೊಂಡು. ಯಾರೂ ಹೊರಡಲಿಲ್ಲ. ಮೇಸ್ತ್ರಿ ಅಡುಗೆಮನೆಯ ಕಿಟಕಿ ನೋಡಿ, ಇದಕ್ಕೊಂದು ಕೈ ಬಣ್ಣ ಬಳಿಯಬಹುದು ಎಂದ. ಪ್ಯಾಕಿಂಗ್ ಹೆಂಗಸು ಎಲ್ಲರಿಗೂ ಚಹಾಕ್ಕೆ ನೀರಿಟ್ಟಳು.

ಕೊನೆಗೆ ಹೊರಟವರು ನಾವು. ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದ ಅಕ್ಕನನ್ನು ನೋಡುತ್ತ ಮ್ಯಾನೇಜರಮ್ಮ ಮೆಲ್ಲಗೆ ಕೇಳಿದಳು, "ನಾಳೆನೂ ಬರ್ತೀರಾ?"

ನಾನು ಅನುವಾದಿಸಿದೆ. ಭಾವನ ಮುಖ ಸಪ್ಪಗಾಯಿತು. "ಬರ್ತಿದ್ವಿ. ಆದರೆ ನಾಳೆ ಶುಕ್ರವಾರ, ನಮ್ಮ ಅವಧಿ ಮುಗಿಯುತ್ತೆ. ಟಿಕೆಟ್ಟು, ಪೆಟ್ಟಿಗೆ ಅಂತ ಓಡಾಟ ಇರುತ್ತೆ ಅಂತ ಹೇಳು."

"ಮುಗಿಯಲ್ಲ" ಎಂದಳು ಆಕೆ. "ನಾಳೆ ಬನ್ನಿ, ನಾಡಿದ್ದೂ ಬನ್ನಿ. ಆಮೇಲೆ ಕಾಯಂ ಆಗಿ ಕೆಲಸಕ್ಕೆ ಬನ್ನಿ. ಗಂಜಿಗೆ ಮಾತ್ರ ಸ್ವಲ್ಪ ಉಪ್ಪು ಕಡಿಮೆ ಹಾಕೋಕೆ ಹೇಳಿ."

ಬಸ್ಸಿನಲ್ಲಿ ನಾನು ಕಣ್ಣೊರೆಸಿಕೊಂಡೆ. ಭಾವ ಕಿಟಕಿಯ ಹೊರಗೆ ಮುಖ ಮಾಡಿ, ನಾನು ನೋಡಬಾರದೆಂದು, ತಮ್ಮ ಕಣ್ಣು ಒರೆಸಿಕೊಂಡರು. ಅಕ್ಕ ಮಾತ್ರ ಫ್ಲಾಸ್ಕನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದು ಕೂತಿದ್ದಳು, ಮುಖ ಗಡಿಗೆಯಾಗಿತ್ತು.

"ಉಪ್ಪು ಜಾಸ್ತಿಯಂತೆ" ಎಂದಳು, ನಮ್ಮ ನಿಲ್ದಾಣ ಬಂದಾಗ. "ಜ್ವರದ ಬಾಯಿಗೆ ಏನು ಗೊತ್ತಾಗುತ್ತೆ?"